ಹಳೆಯ ಫೆಲ್ಟ್ ಫೆಡೋರಾದ ಮರುಜೋಡಣೆ: ಬಿಚ್ಚುವುದರಿಂದ ಫ್ಲೇಂಜ್‌ವರೆಗೆ

ಮೇಜಿನ ಮೇಲಿರುವುದು ಅಮೆರಿಕದಲ್ಲಿ ತಯಾರಾದ ಕಂದುಬೂದು ಫರ್ ಫೆಲ್ಟ್ (ಪ್ರಾಣಿಯ ಮೃದು ಕೂದಲನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ಫೆಡೋರಾ ಟೋಪಿ. ಸೈಜು 7 1/8, ಅಂದರೆ 57 ಸೆಂ.ಮೀ. ಬ್ರಿಮ್, ಅಂದರೆ ಸುತ್ತಲೂ ಹೊರಕ್ಕೆ ಚಾಚಿದ ಭಾಗ, ಮುಂದೆ-ಹಿಂದೆ 2 5/8 ಇಂಚು, ಪಕ್ಕಗಳಲ್ಲಿ 2 1/2. ರಿಬ್ಬನ್ 1 5/8 ಇಂಚು ಅಗಲ. ಒಳಗೆ ತಲೆಗೆ ತಾಗುವ ಚರ್ಮದ ಬೆವರುಪಟ್ಟಿಯ ಮೇಲಿನ ಚಿನ್ನದ ಅಚ್ಚು ಪೂರ್ತಿ ಅಳಿಸಿದೆ, ಆದರೂ ಈ ಅಳತೆಗಳನ್ನು ನೋಡಿದರೆ 1940ರ ದಶಕದ್ದು ಎನ್ನಲು ಅಡ್ಡಿಯಿಲ್ಲ. 1960ರ ಹೊತ್ತಿಗೆ ಬ್ರಿಮ್ 2 ಇಂಚಿಗೂ ಕೆಳಗಿಳಿದು, ರಿಬ್ಬನ್ ಕೂಡ ಅದರ ಜೊತೆಗೇ ಕಿರಿದಾಗಿತ್ತು.

ಟೋಪಿಯ ಈಗಿನ ಸ್ಥಿತಿ: ಕ್ರೌನ್ (ತಲೆಯನ್ನು ಮುಚ್ಚುವ ಭಾಗ) ಮೇಲಕ್ಕೆ ಹೋದಂತೆ ಕೂರಾಗಿದೆ, ಬ್ರಿಮ್ ಅಲೆಅಲೆಯಾಗಿದೆ. ಕ್ರೌನ್ ಇಳಿದು ಬ್ರಿಮ್ಮಿಗೆ ತಿರುಗುವ ಮೂಲೆ, ಅದನ್ನು ಇಲ್ಲಿ ಬುಡಗೆರೆ ಎನ್ನೋಣ, ದುಂಡಾಗಿ ಸಡಿಲಗೊಂಡಿದೆ. ಇಂಥ ಟೋಪಿ ಕಂಡರೆ ‘ಫೆಲ್ಟ್ ಸತ್ತಿದೆ’ ಎಂದು ಪಕ್ಕಕ್ಕಿಡುವವರೇ ಹೆಚ್ಚು. ಇದರ ಫೆಲ್ಟ್ ಗಟ್ಟಿಯಾಗಿಯೇ ಇದೆ. ಕೆಟ್ಟಿರುವುದು ಹೊಲಿಗೆ, ಬೆವರುಪಟ್ಟಿ ಮತ್ತು ಬ್ರಿಮ್ ಅಂಚಿಗೆ ಹೊಲಿದ ಪಟ್ಟಿ.

ಬಿಚ್ಚುವಾಗ ಕಂಡದ್ದು

ಮೊದಲು ಸುರಕ್ಷತೆ. ಫರ್ ಕೂದಲು ಒಂದಕ್ಕೊಂದು ಹೆಣೆದುಕೊಳ್ಳಲೆಂದು ಪಾದರಸದ ನೈಟ್ರೇಟ್ ಹಚ್ಚುವ ಪದ್ಧತಿಗೆ ಅಮೆರಿಕದಲ್ಲಿ ತೆರೆ ಬಿದ್ದದ್ದು 1941ರ ಕೊನೆಗೆ. ಟೋಪಿಯ ಇಸವಿ ಖಚಿತವಿಲ್ಲದಿದ್ದರೆ ಪಾದರಸ ಇದೆಯೆಂದೇ ಇಟ್ಟುಕೊಳ್ಳಬೇಕು: ನೈಟ್ರೈಲ್ ಕೈಗವಸು, ಹಬೆ ಹಿಡಿಯುವಾಗ ತೆರೆದ ಕಿಟಕಿ ಮತ್ತು ಫ್ಯಾನ್, ಉಜ್ಜುವಾಗ ಮಾಸ್ಕ್. ಅಡುಗೆಮನೆಯ ಕುಕ್ಕರ್ ಹಬೆಯಂತೂ ಬೇಡವೇ ಬೇಡ.

ರಿಬ್ಬನ್ನನ್ನು ಹಿಡಿದಿದ್ದದ್ದು ಬರೀ ಐದು ಪುಟ್ಟ ಹೊಲಿಗೆಗಳು: ಎಡಗಡೆಯ ಬೋ ಹತ್ತಿರ ಎರಡು, ಉಳಿದ ಮೂರು ಸುತ್ತಲೂ. ಅಂಟು ಇಲ್ಲ. ಹಳೆಯ ರಿಬ್ಬನ್ ಫೆಲ್ಟಿಗೆ ಅಂಟಿಕೊಂಡಂತೆ ಕಾಣುವುದಕ್ಕೆ ಅದರ ಬಾಗು ಕಾರಣ. ರೇಯಾನ್-ಹತ್ತಿ ಗ್ರೋಗ್ರೇನ್ (ಅಡ್ಡಗೆರೆಗಳಿರುವ ಗಟ್ಟಿ ರಿಬ್ಬನ್) ಹಬೆಯ ಇಸ್ತ್ರಿಗೆ ಒಂದು ಅಂಚಿನಲ್ಲಿ ಕುಗ್ಗುತ್ತದೆ. ಕ್ರೌನ್ ಮೇಲ್ಗಡೆ ಸಣ್ಣದಾಗುವುದರಿಂದ ಕುಗ್ಗಿದ ಅಂಚನ್ನು ಮೇಲೆ ಇಟ್ಟರೆ ಸರಿಯಾಗಿ ಕೂರುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಾಲಿಯೆಸ್ಟರ್ ಗ್ರೋಗ್ರೇನ್ ಹೀಗೆ ಕುಗ್ಗುವುದಿಲ್ಲ, ಮೇಲಂಚು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಆಗ ಅಂಟಿನ ಮೊರೆ ಹೋಗುತ್ತಾರೆ. ಮುಂದೆ ಹಬೆ ತಾಗಿದ ದಿನ ಆ ಅಂಟು ಕರಗಿ ಫೆಲ್ಟಿಗೆ ಇಳಿಯುತ್ತದೆ.

ರಿಬ್ಬನ್ ತೆಗೆದ ಜಾಗದಲ್ಲಿ ಬಣ್ಣ ಮಾಸದ ಪಟ್ಟಿ ಉಳಿದಿದೆ. ಹೊಸ ರಿಬ್ಬನ್ 1 5/8ಕ್ಕಿಂತ ಕಿರಿದಾದರೆ ಆ ಗೆರೆ ಹೊರಗೆ ಇಣುಕುತ್ತದೆ. ಬ್ರಿಮ್ ಅಂಚಿನ ಪಟ್ಟಿಯದೂ ಇದೇ ಕತೆ.

ಬೆವರುಪಟ್ಟಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಇದರಲ್ಲಿ ರೀಡ್ ಇದೆ, ಅಂದರೆ ತೆಳು ಬಟ್ಟೆ ಸುತ್ತಿದ ಸಣ್ಣ ಕಡ್ಡಿ. ಅದನ್ನು ಚರ್ಮದ ಕೆಳ ಅಂಚಿಗೆ ಅಂಕುಡೊಂಕು ಹೊಲಿಗೆಯಲ್ಲಿ ಕೂಡಿಸಿದ್ದಾರೆ. ಟೋಪಿಗೆ ಹೊಲಿಯುವಾಗ ಸೂಜಿ ಹಾದುಹೋಗುವುದು ಕಡ್ಡಿಯ ಬಟ್ಟೆಯಲ್ಲಿ, ಚರ್ಮದಲ್ಲಿ ಅಲ್ಲ. ಕಡ್ಡಿ ಬುಡಗೆರೆಯ ಒಳಗೆ ಕೂತು ಫೆಲ್ಟನ್ನು ಹೊರಕ್ಕೆ ಒತ್ತುತ್ತದೆ. ಹಳೆಯ ಫೆಡೋರಾಗಳ ಚೂಪಾದ ಬುಡಗೆರೆ ಹುಟ್ಟುವುದು ಅಲ್ಲಿಂದ. ರೀಡ್ ಇಲ್ಲದ ಹಗುರ ಟೋಪಿಗಳಲ್ಲಿ ಅದೇ ಮೂಲೆ ಮೆತ್ತಗೆ ಉರುಳಿದಂತೆ ಕಾಣುತ್ತದೆ. ಎರಡೂ ಚೆನ್ನ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಟೋಪಿಯ ಮುಖವೇ ಬೇರೆಯಾಗುತ್ತದೆ. ಇಲ್ಲಿ ಹಿಂಭಾಗದ ಸುಮಾರು 4 ಇಂಚು ಉದ್ದಕ್ಕೆ ಚರ್ಮ ತನ್ನ ತೂತುಗಳ ಸಾಲಿನಲ್ಲೇ ಅಂಚೆಚೀಟಿ ಹರಿದಂತೆ ಬಿಟ್ಟುಕೊಂಡಿದೆ. ಉಳಿದೆಡೆ ಚರ್ಮ ಬಾಗುತ್ತದೆ, ಬಿರುಕಿಲ್ಲ. ಹಾಗಾಗಿ ಇದನ್ನೇ ಉಳಿಸಿಕೊಳ್ಳುವುದು: ಹರಿದ ಭಾಗದ ಹಿಂದೆ ತೆಳು ಹತ್ತಿ ಟೇಪು ಕೊಟ್ಟು, ಹಳೆಯ ತೂತುಗಳಲ್ಲೇ ಕೈಹೊಲಿಗೆ.

ಬೆವರುಪಟ್ಟಿ ಒಳಗಿದ್ದಂತೆಯೇ ಹಬೆ ಕೊಡುವುದು ಅತಿ ಸಾಮಾನ್ಯ ಎಡವಟ್ಟು. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಕುಗ್ಗಿದ ಪಟ್ಟಿ ಬುಡಗೆರೆಯನ್ನು ಒಳಕ್ಕೆ ಎಳೆಯುತ್ತದೆ, ಬ್ರಿಮ್ ಎಳೆತ ತಾಳದೆ ಅಲೆಯಾಗುತ್ತದೆ. ಈ ಟೋಪಿಯ ಅಲೆಗೂ ಅದೇ ಮೂಲ ಇರಬೇಕು: ಪಟ್ಟಿಯ ಸುತ್ತಳತೆ 56 ಸೆಂ.ಮೀ. ಮಾತ್ರ ಬರುತ್ತಿದೆ. ಕೊರತೆಯ 1 ಸೆಂ.ಮೀ.ಯನ್ನು ಹಿಂದಿನ ಜೋಡಣೆಯಲ್ಲಿ ಬಿಚ್ಚಿ ತೆರೆದುಕೊಳ್ಳಬೇಕು. ಅಲ್ಲಿನ ಪುಟ್ಟ ರಿಬ್ಬನ್ ಬೋ ಆ ಸಂದನ್ನು ಮುಚ್ಚುತ್ತದೆ.

ತೊಳೆಯುವುದು

ನ್ಯಾಫ್ತಾದಲ್ಲಿ (ಪೆಟ್ರೋಲಿಯಂನಿಂದ ಬರುವ ದ್ರಾವಕ) ಪೂರ್ತಿ ಮುಳುಗಿಸಿ, ಬಯಲಲ್ಲಿ, ಬೆಂಕಿಯಿಂದ ದೂರ. ಬರೀ ಕಲೆ ಇದ್ದ ಕಡೆ ಒರೆಸಿದರೆ ಅದರ ಸುತ್ತ ಹೊಸ ಗೆರೆ ಮೂಡುತ್ತದೆ. ಸ್ಪಿರಿಟ್ ಬಳಸಬಾರದು: ಬ್ರಿಮ್ಮಿಗೆ ಬಿಗು ಕೊಟ್ಟಿರುವುದು ಅರಗು, ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ನ್ಯಾಫ್ತಾದಲ್ಲಿ ಕರಗುವುದಿಲ್ಲ. (ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅರಗೇ. ಆ ಕಾಲದಲ್ಲಿ ಜಗತ್ತಿಗೆ ಹೋಗುತ್ತಿದ್ದ ಅರಗಿನ ಬಹುಪಾಲು ಭಾರತದ್ದು.) ಬೆವರಿನ ಕಲೆ ತಿಳಿಯಾಯಿತು, ಪೂರ್ತಿ ಹೋಗಿಲ್ಲ. ರಿಬ್ಬನ್ ಅದನ್ನು ಮುಚ್ಚುವುದರಿಂದ ಮತ್ತೆ ಮುಳುಗಿಸುವ ಅಗತ್ಯವಿಲ್ಲ.

ಬ್ಲಾಕ್

ಬ್ಲಾಕ್ ಎಂದರೆ ಫೆಲ್ಟನ್ನು ಎಳೆದು ಆಕಾರ ಕೊಡುವ ತಲೆಯಾಕಾರದ ಅಚ್ಚು. 57ರ ಟೋಪಿಗೆ 57ರ ಬ್ಲಾಕ್ ಹಾಕಿದರೆ ಕೊನೆಗೆ ಬಿಗಿಯಾಗುತ್ತದೆ. ಲೆಕ್ಕ ಸರಳ: ಚರ್ಮದ ದಪ್ಪ 1 ಮಿ.ಮೀ. ಇದ್ದರೆ ಒಳಸುತ್ತಳತೆ 6.3 ಮಿ.ಮೀ. ಕಡಿಮೆಯಾಗುತ್ತದೆ, ಅಂದರೆ ಅರ್ಧ ಸೈಜಿಗೂ ಹೆಚ್ಚು. ಆದ್ದರಿಂದ 58ರ ಮರದ ಬ್ಲಾಕ್. ಪಕ್ಕಗಳು ನೇರವಾಗಿ ಏರುವ ಆಕಾರವನ್ನೇ ಆರಿಸಿದ್ದು. ಕೂರಾದ ಕ್ರೌನ್ ವಿನ್ಯಾಸವಲ್ಲ, ದಶಕಗಳ ಬಿಸಿ ಮತ್ತು ತೇವಕ್ಕೆ ಫೆಲ್ಟ್ ಕುಗ್ಗಿದ ಫಲ.

ಒಳಗೂ ಹೊರಗೂ ಹಬೆ ಹಿಡಿದು, ಫೆಲ್ಟ್ ಮೆತ್ತಗಾದೊಡನೆ ಬ್ಲಾಕಿನ ಮೇಲೆ ಎಳೆದು, ಬುಡಗೆರೆಯ ಜಾಗಕ್ಕೆ ದಾರ ಬಿಗಿದದ್ದಾಯಿತು. ದಾರವನ್ನು ಕೆಳಕ್ಕೆ ದಬ್ಬುವಾಗ ಸುತ್ತಲೂ ಸಮನಾಗಿ ಇಳಿಸಬೇಕು, ಒಂದು ಕಡೆ ಇಳಿದು ಇನ್ನೊಂದು ಕಡೆ ನಿಂತರೆ ಟೋಪಿ ತಲೆಯ ಮೇಲೆ ಓರೆಯಾಗಿ ಕೂರುತ್ತದೆ. ಇಲ್ಲೊಂದು ಕೊಡು-ಕೊಳ್ಳುವ ವ್ಯವಹಾರವಿದೆ: ದಾರ 1/4 ಇಂಚು ಕೆಳಗಿಳಿದರೆ ಕ್ರೌನ್ ಅಷ್ಟು ಎತ್ತರವಾಗುತ್ತದೆ, ಬ್ರಿಮ್ ಅಷ್ಟೇ ಕಿರಿದಾಗುತ್ತದೆ. ಆದ್ದರಿಂದ ಹಳೆಯ ಹೊಲಿಗೆಯ ತೂತುಗಳನ್ನೇ ಗಡಿಯಾಗಿಟ್ಟುಕೊಂಡಿದೆ. ತೂತುಗಳು ದಾರದ ಕೆಳಗೆ ಬ್ರಿಮ್ ಮೇಲೆ ಬಂದರೆ ಅವನ್ನು ಮುಚ್ಚುವ ದಾರಿಯಿಲ್ಲ. ದಾರದ ಮೇಲಿದ್ದರೆ ರಿಬ್ಬನ್ ಮುಚ್ಚುತ್ತದೆ.

ಕ್ರೌನಿನ ಮುಂಭಾಗವನ್ನು ಎರಡೂ ಬದಿಯಿಂದ ಒಳಕ್ಕೆ ಒತ್ತಿದ ಚಿವುಟಿನ ಜಾಗದಲ್ಲಿ ಫೆಲ್ಟ್ ಸವೆದಿದೆ. ಟೋಪಿಯನ್ನು ಅಲ್ಲೇ ಹಿಡಿದು ಎತ್ತುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಎರಡು ನುಸಿ ತೂತುಗಳೂ ಇವೆ. ಉಜ್ಜಿದಾಗ ಉದುರುವ ಫೆಲ್ಟ್ ಪುಡಿಯನ್ನು ತುಸು ಅಂಟಿನಲ್ಲಿ ಕಲಸಿ ಒಳಗಿನಿಂದ ತುಂಬಿದೆ. ಆಮೇಲೆ 400, ಬಳಿಕ 600 ನಂಬರಿನ ಮರಳುಕಾಗದದಿಂದ ಗಡಿಯಾರದ ವಿರುದ್ಧ ದಿಕ್ಕಿಗೆ ಹಗುರವಾಗಿ ಉಜ್ಜಿದೆ. ಸವೆದ ಜಾಗವನ್ನು ಮುಟ್ಟಿಲ್ಲ.

ಬ್ರಿಮ್ ಮತ್ತು ಅಂಚು

ಈಗ ಬ್ರಿಮ್ ಫ್ಲೇಂಜ್ ಮೇಲಿದೆ, ಅಂದರೆ ಅದಕ್ಕೆ ಬಾಗು ಕೊಡುವ ಅಚ್ಚಿನ ಮೇಲೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಮೇಲೆ ಮರಳಿನ ಚೀಲ. ಪೂರ್ತಿ ತಣಿಯುವ ಮೊದಲು ತೆಗೆದರೆ ಹಳೆಯ ಅಲೆ ಮರಳುತ್ತದೆ. ಮಳೆಗಾಲದ ತೇವದಲ್ಲಿ ಇದಕ್ಕೆ ಇನ್ನಷ್ಟು ಹೊತ್ತು ಬೇಕು.

ಅಂಚಿನ ಬಗ್ಗೆ ಇದ್ದ ಆಯ್ಕೆಗಳು ಕಡಿಮೆ. ಫೆಲ್ಟನ್ನೇ ಕೆಳಕ್ಕೆ ಮಡಚಿ ಹೊಲಿಯುವ ವೆಲ್ಟ್ ಅಂಚು ಬ್ರಿಮ್ಮಿಗೆ ದಪ್ಪ ನೆರಳುಗೆರೆ ಕೊಡುತ್ತದೆ, ಆದರೆ ಸುಮಾರು 3/8 ಇಂಚು ಫೆಲ್ಟ್ ನುಂಗುತ್ತದೆ. ಹೊಲಿಗೆಯೇ ಕಾಣದಂತೆ ಮಡಿಕೆಯನ್ನು ಫೆಲ್ಟಿನೊಳಗೇ ಬೆಸೆದ ಕ್ಯಾವನಾ ಅಂಚು ಕಾರ್ಖಾನೆಯ ಕೆಲಸ, ಮನೆಯಲ್ಲಿ ಆಗದು. ಪಟ್ಟಿ ತೆಗೆದು ಬರಿಯಂಚು ಬಿಟ್ಟರೆ ಮಾಸದ ಗೆರೆ ಎದ್ದು ಕಾಣುತ್ತದೆ, ಅದನ್ನು ಕತ್ತರಿಸಿದರೆ ಬ್ರಿಮ್ ಪಕ್ಕಗಳಲ್ಲಿ 2 1/4ಕ್ಕೆ ಇಳಿದು ಈ ಎತ್ತರದ ಕ್ರೌನಿಗೆ ಚಿಕ್ಕದೆನಿಸುತ್ತದೆ. ಹಾಗಾಗಿ ಮತ್ತೆ ರಿಬ್ಬನ್ ಪಟ್ಟಿಯೇ, ಮಡಚಿದಾಗ 1/4 ಇಂಚು ಕಾಣುವಂತೆ 1/2 ಇಂಚಿನದು. ಹೊಲಿಯುವಾಗ ಪಟ್ಟಿಯನ್ನು ಎಳೆದರೆ ಬ್ರಿಮ್ ಬಟ್ಟಲಾಗುತ್ತದೆ, ಸಡಿಲ ಬಿಟ್ಟರೆ ನೆರಿಗೆ ಬೀಳುತ್ತದೆ.

ಉಳಿದ ಕೆಲಸ, ಈ ಕ್ರಮದಲ್ಲಿ

ಅಂಚಿನ ಪಟ್ಟಿ. ನಂತರ ಬೆವರುಪಟ್ಟಿ: ಮುಂದೆ, ಹಿಂದೆ, ಎರಡು ಪಕ್ಕ ಎಂದು ಚಾಕ್ ಗುರುತಿಟ್ಟು, ನಾಲ್ಕೂ ಕಡೆ ಕ್ಲಿಪ್ ಹಾಕಿ, ಹಿಂದಿನ ಜೋಡಣೆಯಿಂದ ಹೊಲಿಗೆ ಶುರು. ಸೂಜಿ ಬುಡಗೆರೆಗಿಂತ ಮೇಲೆ ಹೋದರೆ ರೀಡ್ ಮೂಲೆಯಿಂದ ಸರಿಯುತ್ತದೆ, ಇಷ್ಟು ಹೊತ್ತು ಕಟ್ಟಿದ ಚೂಪು ಮತ್ತೆ ದುಂಡಾಗುತ್ತದೆ. ರಿಬ್ಬನ್ ಈ ಹೊಲಿಗೆಯನ್ನು ಮುಚ್ಚಬೇಕಾದ್ದರಿಂದ ಅದು ಆಮೇಲೆ, ಬೋ ಸೇರಿ ಸುಮಾರು 1 ಮೀಟರ್. ಕ್ರೌನಿನ ಮಡಿಕೆಗಳನ್ನು ಕೊನೆಯಲ್ಲಿ ಕೈಯಿಂದಲೇ ಹಾಕುವುದು, ಸವೆದ ಚಿವುಟಿನಿಂದ ಅರ್ಧ ಇಂಚು ಸರಿಸಿ.