ಫೀಸಿಲ್ಲದ ವಕಾಲತ್ತು

ದಾವಣಗೆರೆಯಲ್ಲಿ ವಕೀಲಿ ವೃತ್ತಿ ನಡೆಸುವ ನನಗೆ, ಉಚಿತ ಕಾನೂನು ನೆರವಿನ ಮಾತೆತ್ತಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಫೀಸು ತಗೊಳ್ದಿದ್ರೆ ಕೇಸು ಸರಿಯಾಗಿ ನಡೆಸ್ತಾರೇನ್ರೀ?" ಈ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕಲು ನನ್ನಿಂದಾಗದು. ಮೊದಲ ವಾಯಿದೆಗೆ ಉತ್ಸಾಹದಿಂದ ವಕಾಲತ್ತು ಹಾಕಿ, ಆಮೇಲೆ ಕಿರಿಯರನ್ನು ಕಳಿಸಿ ಕಾಲಾವಕಾಶ ಕೇಳಿಸುತ್ತಾ ಹೋದರೆ, ಕೂಲಿ ಬಿಟ್ಟು ಬಸ್ಸು ಹತ್ತಿ ಬಂದ ಕಕ್ಷಿದಾರರಿಗೆ ಆ ನೆರವು ದುಬಾರಿಯೇ ಆಗುತ್ತದೆ.

ಕಾನೂನಿನಲ್ಲಿ ಕೊರತೆಯಿಲ್ಲ. 1976ರ 42ನೇ ತಿದ್ದುಪಡಿಯಿಂದ, ಉಚಿತ ಕಾನೂನು ನೆರವು ಒದಗಿಸುವುದು ಸರ್ಕಾರದ ಹೊಣೆ ಎನ್ನುವ 39ಎ ವಿಧಿ ಸಂವಿಧಾನಕ್ಕೆ ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಅದರ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಗಂಡ ಸಂಬಳದಾರನೆಂಬ ಕಾರಣಕ್ಕೆ ತನಗೆ ನೆರವು ಸಿಗದೆಂದು ಸುಮ್ಮನಿರುವ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು. ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು ಇಂಥ ಕಕ್ಷಿದಾರರಿಂದ ಹಣ ಪಡೆಯುವಂತಿಲ್ಲ. ಪಟ್ಟಿಯಲ್ಲಿಲ್ಲದಿದ್ದರೂ ಸ್ವಂತ ಮನಸ್ಸಿನಿಂದ ಇಂಥ ಪ್ರಕರಣ ಹಿಡಿಯುವವರೂ ನಮ್ಮಲ್ಲಿದ್ದಾರೆ.

ಕೆಲಸದ ನಿಜವಾದ ಭಾರ ಇರುವುದು ವಾದ ಮಂಡನೆಯಲ್ಲಲ್ಲ, ಕಾಗದಪತ್ರಗಳಲ್ಲಿ. ಜಗಳೂರಿನ ಕಡೆಯ ಒಬ್ಬ ತಾಯಿಯ ಜೀವನಾಂಶದ ಅರ್ಜಿಯನ್ನು ನಮ್ಮ ಹಿರಿಯ ವಕೀಲರೊಬ್ಬರು ಉಚಿತವಾಗಿ ನಡೆಸುತ್ತಿದ್ದಾರೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಂಥ ಪ್ರಕರಣಗಳಲ್ಲಿ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಆ ತಾಯಿ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡು, ಪಾಸ್‌ಬುಕ್ಕು, ಸ್ವಸಹಾಯ ಸಂಘದ ಸಾಲದ ಪುಸ್ತಕ, ಮಗಳ ಶಾಲೆಯ ರಸೀದಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಹಿರಿಯರು ಗುಮಾಸ್ತರಿಗೆ ಒಪ್ಪಿಸದೆ ತಾವೇ ಕುಳಿತು, ಸಂಘದ ಕಂತು ಎಷ್ಟು, ಶೇಂಗಾ ಬಿಡಿಸುವ ಕೂಲಿ ವರ್ಷದಲ್ಲಿ ಎಷ್ಟು ತಿಂಗಳು ಸಿಗುತ್ತದೆ, ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಕೇಳಿ ಕೇಳಿ ಬರೆಸಿದರು. ಮುಂದೆ ಪಾಟಿ ಸವಾಲಿನಲ್ಲಿ "ನೀವೇ ದುಡಿಯುತ್ತೀರಲ್ಲ" ಎಂಬ ಪ್ರಶ್ನೆ ಬಂದಾಗ ಆಕೆಯನ್ನು ಕಾಯುವುದು ಈ ವಿವರಗಳೇ. ಫೀಸು ಕೊಟ್ಟವರಿಗೂ ಇಷ್ಟು ವ್ಯವಧಾನ ಸಿಗುವುದು ಅಪರೂಪ ಎಂಬುದನ್ನು ವೃತ್ತಿಬಾಂಧವರು ಬೇಸರಿಸದೆ ಒಪ್ಪಿಕೊಳ್ಳಬೇಕು.

ಆದ್ದರಿಂದ ಶಿಬಿರ, ಬ್ಯಾನರು, ಉದ್ಘಾಟನೆಗಳಿಗಿಂತ, ಹಿಡಿದ ಒಂದೆರಡು ಪ್ರಕರಣಗಳನ್ನು ಆದೇಶ ಬರುವವರೆಗೆ, ಆದೇಶದ ಹಣ ವಸೂಲಾಗುವವರೆಗೆ ಬಿಡದೆ ನಡೆಸುವ ವಕೀಲರೇ ಈ ಜಿಲ್ಲೆಗೆ ಹೆಚ್ಚು ಬೇಕು. ಜೀವನಾಂಶದ ಆದೇಶವಾದ ಮೇಲೂ ಗಂಡ ಬಾಕಿ ಉಳಿಸಿಕೊಂಡರೆ ವಸೂಲಿಗೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಎಷ್ಟೋ ಕುಟುಂಬಗಳು ಸೋತು ಕೈಚೆಲ್ಲುವುದು ಅಲ್ಲಿಯೇ.

ನೆರವು ಬೇಕಾದವರು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಡಬಹುದು, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆಯನ್ನೂ ಮಾಡಬಹುದು. ಸಮನ್ಸ್ ಬಂದಿದ್ದರೆ ಅದರಲ್ಲಿರುವ ದಿನಾಂಕಕ್ಕೆ ಸಾಕಷ್ಟು ಮೊದಲೇ ಬನ್ನಿ. ನೀವು ಹಾಜರಾಗದೆ ಏಕಪಕ್ಷೀಯ ಆದೇಶವಾದ ಮೇಲೆ ಅದನ್ನು ರದ್ದುಪಡಿಸಲು ಬೇರೆ ಅರ್ಜಿಯನ್ನೇ ಹಾಕಬೇಕಾಗುತ್ತದೆ.