ಹೆಣ ಸುಟ್ಟಾಗಿತ್ತು, ಉಪವಾಸ ಮುಗಿದಿರಲಿಲ್ಲ

“ಚಂದ್ರಿ ಮಾಡಿದ್ದನ್ನ ಅವರಲ್ಲಿ ಒಬ್ಬರಾದ್ರೂ ಮೊದಲೇ ಮಾಡಬಹುದಿತ್ತಲ್ಲ ಸರ್?” ಈ ವಾರ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಓದಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಅವರೆಂದರೆ ನಾರಣಪ್ಪನ ಹೆಣ ಸುಡಲು ಹಿಂಜರಿದ ಅಗ್ರಹಾರದ ಬ್ರಾಹ್ಮಣರು; ಕೊನೆಗೆ ಸುಡಿಸಿದವಳು ಅವನ ಜೊತೆ ಬಾಳಿದ ಚಂದ್ರಿ.

1965ರ ಈ ಕಾದಂಬರಿಯ ದೂರ್ವಾಸಪುರದಲ್ಲಿ ಕಟ್ಟುನಿಟ್ಟು ಇದು: ಅಗ್ರಹಾರದಲ್ಲಿ ಹೆಣ ಇರುವವರೆಗೆ ಯಾರೂ ಉಣ್ಣುವಂತಿಲ್ಲ. ಸತ್ತ ನಾರಣಪ್ಪ ಸಾಲಿಗ್ರಾಮವನ್ನು ಹೊಳೆಗೆ ಎಸೆದವನು. ಬಹಿಷ್ಕಾರ ಹಾಕಿದರೆ ಮುಸಲ್ಮಾನನಾಗುತ್ತೇನೆಂದು ಹೆದರಿಸಿದ್ದರಿಂದ ಹಾಕಿರಲಿಲ್ಲ. ಹಾಗಾಗಿ ಸತ್ತ ಮೇಲೂ ಅವನು ಬ್ರಾಹ್ಮಣನೇ, ಬೇರೆ ಜಾತಿಯವರು ಮುಟ್ಟುವಂತಿಲ್ಲ. ಮಕ್ಕಳಿಲ್ಲ. ಸುಟ್ಟವನಿಗೆ ಮೈಲಿಗೆ ತಗುಲಿತೆಂದರೆ ಶ್ರಾದ್ಧದೂಟಕ್ಕೆ ಕರೆಯುವವರಿಲ್ಲ, ಮನೆಯ ಹೆಣ್ಣಿಗೆ ಗಂಡೂ ಸಿಗದು. ದಾಸಾಚಾರ್ಯನಂಥವನ ಹೊಟ್ಟೆ ಹೊರೆಯುವುದೇ ಆ ಊಟಗಳು. ಇಷ್ಟೆಲ್ಲ ಪಣಕ್ಕಿಡಲು ಒಬ್ಬರಾದರೂ ಹೇಗೆ ಮುಂದೆ ಬಂದಾರು?

ಹೆಣದ ಸಂಸ್ಕಾರದ ಖರ್ಚಿಗೆಂದು ಚಂದ್ರಿ ಮೈಮೇಲಿನ ಒಡವೆ ಬಿಚ್ಚಿ ಜಗಲಿಯಲ್ಲಿಟ್ಟ ಆ ಗಳಿಗೆಯನ್ನು ನೋಡಿ. ಅಲ್ಲಿಯವರೆಗೆ “ಅವನು ನಿನ್ನ ನೆಂಟ” ಎಂದು ಒಬ್ಬರ ಮೇಲೊಬ್ಬರು ಹಾಕುತ್ತಿದ್ದ, ನಾರಣಪ್ಪನ ನೆಂಟರಾದ ಗರುಡ, ಲಕ್ಷ್ಮಣರಿಗೆ ಚಿನ್ನ ಕಂಡೊಡನೆ ನೆಂಟಸ್ತಿಕೆ ನೆನಪಾಗುತ್ತದೆ. ನನಗೆ ಇವರಿಬ್ಬರ ಮೇಲೆ ಕನಿಕರ ಹುಟ್ಟುವುದೇ ಇಲ್ಲ. ಹೆದರಿಕೆಗೆ ಕ್ಷಮೆ ಇದೆ, ಹೆದರಿಕೆಯನ್ನು ಆಚಾರದ ಮರೆಯಲ್ಲಿಟ್ಟು ಆಸೆ ತೀರಿಸಿಕೊಳ್ಳುವುದಕ್ಕೆ ಇಲ್ಲ.

ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರ ಕಥೆ ಬೇರೆ. ರೋಗಿ ಹೆಂಡತಿ ಭಾಗೀರಥಿಗೆ ಅವರು ಕೈಯಾರೆ ಗಂಜಿ ಕುಡಿಸುತ್ತಾರೆ, ಸಿಡುಕುವುದಿಲ್ಲ. ಆದರೆ ಅವಳನ್ನು ಕಟ್ಟಿಕೊಂಡದ್ದೇ ತಮ್ಮ ಸಾಧನೆಗೆಂದು. ಆ ಸೇವೆಯಲ್ಲಿ ಅವಳು ಎಲ್ಲಿದ್ದಾಳೆ? ನಾರಣಪ್ಪನ ಸಂಸ್ಕಾರ ಮಾಡಬಹುದೇ ಎಂಬುದಕ್ಕೆ ಗ್ರಂಥಗಳಲ್ಲಿ ಉತ್ತರ ಸಿಗದಾಗ ಅವರು ಮಾರುತಿಯ ಮುಂದೆ ಪ್ರಸಾದ ಕೇಳಿ ಕೂರುತ್ತಾರೆ: ಬಲಗಡೆ ಹೂವು ಬಿದ್ದರೆ ಹೌದು, ಎಡಗಡೆಯಾದರೆ ಅಲ್ಲ. ಯಾವ ಹೂವೂ ಬೀಳಲಿಲ್ಲ. ಅಷ್ಟು ಓದಿದವರಿಗೆ ಸ್ವಂತ ತೀರ್ಮಾನ ಮಾಡಿ ಅಭ್ಯಾಸವೇ ಇರಲಿಲ್ಲ.

ಅದೇ ರಾತ್ರಿ ಚಂದ್ರಿ ಮುಸಲ್ಮಾನ ಮೀನು ವ್ಯಾಪಾರಿ ಅಹಮದ್ ಬ್ಯಾರಿಯನ್ನು ಕರೆತರುತ್ತಾಳೆ. ಗಾಡಿಯಲ್ಲಿ ಹೆಣ, ಸೌದೆ, ಬೆಂಕಿ. ಬೆಳಗಾಗುವುದರೊಳಗೆ ಕೆಲಸ ಮುಗಿದಿದೆ. ಇದು ತಿಳಿಯದ ಬ್ರಾಹ್ಮಣರು ಹಸಿದ ಹೊಟ್ಟೆಯಲ್ಲಿ ತೀರ್ಮಾನ ಕೇಳಲು ಕೈಮರವೆಂಬ ಊರಿಗೆ, ಅಲ್ಲಿಂದ ಮಠಕ್ಕೆ ಅಲೆಯುತ್ತಾರೆ. ನಡುವೆ ಪ್ಲೇಗ್ ಒಬ್ಬೊಬ್ಬರನ್ನೇ ಎಳೆದೊಯ್ಯುತ್ತದೆ. ಬಿದ್ದ ಇಲಿಗಳನ್ನು ಎಲ್ಲರೂ ಕಂಡಿದ್ದರು. ಶಕುನ ಹುಡುಕಿದರೇ ಹೊರತು ರೋಗವೆಂದು ಅಗ್ರಹಾರದಲ್ಲಿ ಯಾರೂ ಯೋಚಿಸಲಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: ಮಾಡಬಹುದಿತ್ತಮ್ಮ, ಆದರೆ ಹಾಗೆ ಮಾಡಿದವನು ಆಮೇಲೆ ಯಾರ ಪಂಕ್ತಿಯಲ್ಲಿ ಕೂರಬೇಕಿತ್ತು? ಅಗ್ರಹಾರ ಬಿಟ್ಟು ಹೊರಟ ಆಚಾರ್ಯರೂ ಮೇಳಿಗೆಯ ದೇವಸ್ಥಾನದಲ್ಲಿ ಹೆಂಡತಿ ಸತ್ತ ಸೂತಕದ ಮೈಯಲ್ಲೇ ಊಟಕ್ಕೆ ಕೂತು, ಗುರುತು ಸಿಕ್ಕೀತೆಂದು ನಡುಗುತ್ತಾರೆ.