ಇಲ್ಲಿಂದ ಇಲ್ಲೀಗಂಟ

ಅಮೆರಿಕದ ಆಸ್ಪತ್ರೆಗಳಿಗೆ ದೂರವಾಣಿಯ ಮೂಲಕ ಕನ್ನಡ ದುಭಾಷಿಯಾಗಿ ಕೆಲಸ ಮಾಡುವ ನನಗೆ ಈ ವಾರ ಬಂದ ಒಂದು ಕರೆ ಇನ್ನೂ ಕಿವಿಯಲ್ಲಿ ಉಳಿದಿದೆ. ತುರ್ತು ವಿಭಾಗಕ್ಕೆ ಬಂದಿದ್ದ ಹಿರಿಯ ತಾಯಿಯೊಬ್ಬರಿಗೆ, ನೋವು ಎಲ್ಲಿದೆ ಎಂಬ ವೈದ್ಯೆಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. “ಇಲ್ಲೇ ಕಣವ್ವ, ಇಲ್ಲಿಂದ ಇಲ್ಲೀಗಂಟ” ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಬಳಿಕ ಯಾರೂ ಮಾತನಾಡಲಿಲ್ಲ.

ಕೋಣೆಯಲ್ಲಿದ್ದವರಿಗೆ ಉತ್ತರ ಸಿಕ್ಕಿತ್ತು. ಕೈ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ಅವರು ಕಂಡಿದ್ದರು. ಅದು ಪಕ್ಕೆಯಿಂದ ಬೆನ್ನಿಗೋ, ಎದೆಯಿಂದ ತೋಳಿಗೋ ನನಗೆ ತಿಳಿಯಲಿಲ್ಲ. ಮುಂದೆ ಆ ತಾಯಿ “ಒಂದೊಂದ್ ಸಲ ಅಲ್ಲೂ ಎಳೀತದೆ” ಎಂದಾಗ, ಯಾವ ಜಾಗದ ಮಾತೆಂದು ಗೊತ್ತಿಲ್ಲದೆ ಸರಿಯಾದ ವಾಕ್ಯ ಕಟ್ಟುವುದು ಹೇಗೆ? ಅದರ ಮೇಲೆ, ಸಾಮಾನ್ಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುವುದರಿಂದ ಸಕಾರ, ಶಕಾರಗಳು ಮಸುಕಾಗುತ್ತವೆ. ಎದುರಿಗಿದ್ದರೆ ತುಟಿಯ ಚಲನೆ ಒಂದಿಷ್ಟು ನೆರವಾಗುತ್ತದೆ. ಮಂಚದಿಂದ ದೂರವಿಟ್ಟ ಸ್ಪೀಕರಿನಲ್ಲಿ ಆ ನೆರವೂ ಇಲ್ಲ.

ನಮ್ಮ ವೃತ್ತಿಯಲ್ಲಿ ಸ್ವಂತ ಮಾತಾಡಬೇಕಾದರೆ ‘ನಾನು’ ಎನ್ನದೆ ‘ದುಭಾಷಿ’ ಎಂದೇ ಹೇಳಬೇಕು. ಹಾಗಾಗಿ, “ದುಭಾಷಿಗೆ ಕೋಣೆ ಕಾಣುತ್ತಿಲ್ಲ, ರೋಗಿ ತೋರಿಸಿದ್ದೆಲ್ಲಿ ಎಂದು ದಯವಿಟ್ಟು ತಿಳಿಸಿ” ಎಂದು ಕೇಳಿ, ಕೇಳಿದ್ದನ್ನು ಆ ತಾಯಿಗೂ ತಿಳಿಸಿದೆ. ವೈದ್ಯೆ ಬೇಸರಿಸದೆ, ಕೈ ಎಡಪಕ್ಕೆಯ ಕೆಳಗಿನಿಂದ ಬೆನ್ನಿಗೆ ಹೋಯಿತೆಂದರು. ಅನಂತರ ನಾನು ಕೇಳದಿದ್ದ ಒಂದು ಮಾತನ್ನೂ ಸೇರಿಸಿದರು: “ಪ್ರತಿ ಉತ್ತರಕ್ಕೂ ಮೊದಲು ಮಗನ ಮುಖ ನೋಡುತ್ತಿದ್ದಾರೆ.”

ಕೋಣೆಯಲ್ಲಿ ಮಗನಿದ್ದಾನೆಂದು ನನಗೆ ತಿಳಿದದ್ದೇ ಆಗ. ಅಲ್ಲಿಯವರೆಗಿನ ಮೌನಗಳನ್ನು ನೋವಿನ ಮೌನವೆಂದೇ ಯಾರಾದರೂ ತಿಳಿಯುತ್ತಿದ್ದರು. ಮಗ ಕೆಟ್ಟವನೆಂದು ನಾನು ಭಾವಿಸುವುದಿಲ್ಲ. ಪರದೇಶದಲ್ಲಿ ಆಸ್ಪತ್ರೆಯ ಬಿಲ್ಲಿಗೆ ಅಂಜುವ ಮಕ್ಕಳನ್ನೂ, ಆ ಅಂಜಿಕೆಯನ್ನು ಕಂಡು ನೋವು ನುಂಗಿಕೊಳ್ಳುವ ತಾಯಂದಿರನ್ನೂ ನಾನು ಬಲ್ಲೆ. ವೈದ್ಯೆ ಅವನನ್ನು ಸ್ವಲ್ಪ ಹೊರಗಿರಲು ಕೇಳಿಕೊಂಡರು. ಆಮೇಲೆ ಆ ತಾಯಿ ಹೇಳಿದ್ದು ಆ ಕೋಣೆಗೇ ಸೇರಿದ್ದು.

ಆಸ್ಟ್ರೇಲಿಯದಲ್ಲಿ 1973ರಲ್ಲೇ ಸರಕಾರಿ ದೂರವಾಣಿ ದುಭಾಷಿ ಸೇವೆ ಆರಂಭವಾಯಿತು. ನಡುರಾತ್ರಿಯಲ್ಲೂ ತನ್ನ ಭಾಷೆಯ ದನಿ ರೋಗಿಗೆ ಸಿಗುವುದು ಈ ವ್ಯವಸ್ಥೆಯ ದೊಡ್ಡ ಉಪಕಾರ. ಆದರೆ ಸ್ಪ್ಯಾನಿಷ್ ರೋಗಿಯ ಮಂಚದ ಬಳಿಗೆ ವಿಡಿಯೊ ಪರದೆ ಬರುವ ಕಡೆಯೂ ಕನ್ನಡಕ್ಕೆ ಹಲವು ಬಾರಿ ದನಿಯಷ್ಟೇ ಸಿಗುತ್ತದೆ ಎಂಬುದು ನನಗೆ ನೋವಿನ ಸಂಗತಿ. ಪರದೆ ಬರುವವರೆಗೆ, ಕರೆಯ ಆರಂಭದಲ್ಲೇ ಕೋಣೆಯಲ್ಲಿ ಯಾರಿದ್ದಾರೆ, ರೋಗಿ ಕುಳಿತಿದ್ದಾರೋ ಮಲಗಿದ್ದಾರೋ ಎಂದು ದುಭಾಷಿಗೆ ಹೇಳುವುದನ್ನು ಪ್ರತಿ ಆಸ್ಪತ್ರೆಯೂ ತನ್ನ ಸಿಬ್ಬಂದಿಗೆ ಕಲಿಸಬೇಕು. ಆ ವೈದ್ಯೆಗೆ ಅದನ್ನು ಹೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ.